ಬಾಗಿಲ ಮೇಲಿನ ಹೆಸರು

(ದೆಹಲಿಯ ನಮ್ಮ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನನ್ನ ವೃತ್ತಿಯಲ್ಲ. ನಾನೊಬ್ಬ ಬ್ಯಾಂಕಿನ ಗುಮಾಸ್ತ. ಓದಿದ್ದು ಬಿ.ಕಾಂ. ಜಮಾ ಖರ್ಚು ತಾಳೆ ನೋಡುತ್ತ ದಿನ ಕಳೆಯುವವನು. ಹೀಗಿದ್ದೂ ಕಾರ್ಯದರ್ಶಿಗಳು ನನ್ನನ್ನು ಬಿಡಲಿಲ್ಲ. "ಏನಾದರೂ ಹೇಳಿ, ಆದರೆ ಅರ್ಧ ಗಂಟೆ ಮೀರಬೇಡಿ" ಎಂದರು. ಲೆಕ್ಕದವನಿಗೆ ಮಿತಿ ಹಾಕಿಕೊಟ್ಟರೆ ಸಂತೋಷವೇ. "ಅಮೆರಿಕದ ಒಂದು ಪೋಸ್ಟಿನ ವಿಷಯ ಹೇಳುತ್ತೇನೆ" ಎಂದೆ. ಅವರು ಅದನ್ನು ಅಂಚೆ ಕಚೇರಿ ಎಂದು ತಿಳಿದು, "ಅಂಚೆಯ ಮೇಲೆ ಭಾಷಣವೇ?" ಎಂದು ನಕ್ಕರು. ಅಂಚೆಯಲ್ಲ. ಯುದ್ಧದಿಂದ ಮರಳಿದ ಸೈನಿಕರು ತಮ್ಮ ಊರಿನಲ್ಲಿ ಕಟ್ಟಿಕೊಳ್ಳುವ ಸಂಘಕ್ಕೆ ಆ ದೇಶದಲ್ಲಿ ಪೋಸ್ಟ್ ಎನ್ನುತ್ತಾರೆ. ಠಾಣ್ಯ ಎಂದು ಅರ್ಥ. ಸೈನ್ಯ ಬಿಟ್ಟರೂ ಕಾವಲು ಬಿಡಲಿಲ್ಲ ಎಂಬ ಭಾವ ಅದರಲ್ಲಿದೆ.

ಈ ವಿಷಯ ನನ್ನ ತಲೆಗೆ ಹೊಕ್ಕ ಬಗೆಯನ್ನು ಮೊದಲು ಅರಿಕೆ ಮಾಡುತ್ತೇನೆ. ನನ್ನ ಅಕ್ಕ ಭಾವ ಲಾಸ್ ಏಂಜಲಿಸ್ ನಗರದಲ್ಲಿದ್ದಾರೆ. ಅಲ್ಲಿಯ ವಿಮಾನ ನಿಲ್ದಾಣದ ಸಮೀಪ ಎರಡು ಹೆದ್ದಾರಿಗಳು, ೧೦೫ ಮತ್ತು ೪೦೫ ಎಂಬುವು, ಒಂದರ ಮೇಲೊಂದು ಹಾದುಹೋಗುತ್ತವೆ. ಆ ಕೂಡುದಾರಿಗೆ ಸದಾವೊ ಮುನೆಮೊರಿ ಎಂಬಾತನ ಸ್ಮಾರಕವಾಗಿ ಹೆಸರಿಟ್ಟಿದ್ದಾರೆ. ಅಕ್ಕನ ಮಗ ಒಂದು ದಿನ ದೂರವಾಣಿಯಲ್ಲಿ, "ಮಾಮ, ಸದಾ ಎಂದು ನಮ್ಮ ಹೆಸರಿನ ಹಾಗೆಯೇ ಇದೆ, ಯಾರು ಈತ?" ಎಂದು ಕೇಳಿದ. ಮಕ್ಕಳ ಪ್ರಶ್ನೆಗೆ ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಹುಡುಕಿ ಓದಿದೆ. ಓದುತ್ತ ಓದುತ್ತ ಹೆದ್ದಾರಿ ಹಿಂದೆ ಬಿತ್ತು. ಅದೇ ಹೆಸರನ್ನು ಹೊತ್ತ ಒಂದು ಸಣ್ಣ ಸಂಘ ಮುಂದೆ ಬಂತು. ಅದು ಅಮೆರಿಕನ್ ಲೀಜನ್ ಸಂಸ್ಥೆಯ ಕ್ಯಾಲಿಫೋರ್ನಿಯ ಶಾಖೆಯ ೩೨೧ನೆಯ ಪೋಸ್ಟ್, ಲಾಸ್ ಏಂಜಲಿಸಿನದು.

ಮೊದಲು ಲೀಜನ್ನಿನ ಮಾತು. ಮೊದಲನೆಯ ಮಹಾಯುದ್ಧ ಮುಗಿದು ಅಮೆರಿಕದ ಸೈನಿಕರು ಇನ್ನೂ ಯೂರೋಪಿನಲ್ಲೇ ಇದ್ದಾಗ, ೧೯೧೯ರ ಮಾರ್ಚಿಯಲ್ಲಿ, ಪ್ಯಾರಿಸ್ ನಗರದಲ್ಲಿ ಅವರು ಸಭೆ ಸೇರಿ ಈ ಸಂಸ್ಥೆಯನ್ನು ಹುಟ್ಟುಹಾಕಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರ ಪಾರ್ಲಿಮೆಂಟು ಅದಕ್ಕೆ ಸನ್ನದು ಕೊಟ್ಟಿತು. ಕೇಂದ್ರ ಕಚೇರಿ ಇಂಡಿಯಾನಪೊಲಿಸಿನಲ್ಲಿ. ಆದರೆ ಜೀವ ಇರುವುದು ಊರೂರಿನ ಪೋಸ್ಟ್‌ಗಳಲ್ಲಿ. ಹದಿನೈದು ಮಂದಿ ಮಾಜಿ ಸೈನಿಕರು ಸೇರಿದರೆ ಒಂದು ಪೋಸ್ಟ್ ಆಗಬಹುದು. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಅದರ ಜೊತೆಗೆ, ಬಹಳ ಕಡೆಗಳಲ್ಲಿ, ಆ ಊರಿನಿಂದ ಹೋಗಿ ಮರಳದ ಒಬ್ಬ ಹುಡುಗನ ಹೆಸರು.

ಹೆಸರಿಡುವುದಕ್ಕೆ ಅವರಲ್ಲಿ ಒಂದು ಕಟ್ಟಳೆ ಉಂಟು. ಬದುಕಿರುವವರ ಹೆಸರನ್ನು ಪೋಸ್ಟಿಗೆ ಇಡಕೂಡದು. ರಾಜಧಾನಿ ವಾಷಿಂಗ್ಟನ್ನಿನಲ್ಲಿ ೧೯೧೯ರಲ್ಲಿ ಮೊಟ್ಟಮೊದಲ ಪೋಸ್ಟ್ ಕಟ್ಟಿದವರು ತಮ್ಮ ದಂಡನಾಯಕ ಪರ್ಷಿಂಗ್ ಅವರ ಹೆಸರನ್ನೇ ಇಟ್ಟಿದ್ದರು. ಯುದ್ಧ ಗೆದ್ದುಕೊಟ್ಟ ಜನರಲ್, ಇನ್ನೂ ಬದುಕಿದ್ದವರು. ಕಟ್ಟಳೆ ಬಂದಮೇಲೆ ಆ ಹೆಸರನ್ನು ಅಳಿಸಿ ಜಾರ್ಜ್ ವಾಷಿಂಗ್ಟನ್ ಎಂದು ಬರೆಯಬೇಕಾಯಿತು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ದೇವಸ್ಥಾನಕ್ಕೆ ಕೊಳವೆ ದೀಪ ದಾನ ಮಾಡಿದರೆ ದಾನಿಯ ಹೆಸರು ಎಷ್ಟು ದೊಡ್ಡದಾಗಿರುತ್ತದೆಂದರೆ ಬೆಳಕು ಹೊರಗೆ ಬರಲು ಜಾಗ ಇರುವುದಿಲ್ಲ. ಆ ಕಟ್ಟಳೆಯನ್ನು ನಾವೂ ಒಂದಿಷ್ಟು ಕಡ ತಂದರೆ ತಪ್ಪಿಲ್ಲ.

ಈಗ ಮುನೆಮೊರಿಯ ವಿಷಯಕ್ಕೆ ಬರುತ್ತೇನೆ. ಅವನ ತಂದೆ ತಾಯಿ ಜಪಾನಿನ ಹಿರೋಶಿಮಾ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದವರು. ಹೀಗೆ ಬಂದ ಮೊದಲ ತಲೆಮಾರನ್ನು ಜಪಾನೀ ಭಾಷೆಯಲ್ಲಿ ಇಸ್ಸೆಯ್ ಎನ್ನುತ್ತಾರೆ, ಅಲ್ಲಿಯೇ ಹುಟ್ಟಿದ ಮಕ್ಕಳನ್ನು ನಿಸೆಯ್ ಎನ್ನುತ್ತಾರೆ. ಇಲ್ಲಿ ಕುಳಿತ ನಮ್ಮಲ್ಲಿಯೂ ಈ ಎರಡು ಜಾತಿಯವರು ಇದ್ದೇವೆ. ಹುಬ್ಬಳ್ಳಿ, ಮೈಸೂರು, ಮಂಗಳೂರಿನಿಂದ ರೈಲು ಹತ್ತಿ ಬಂದವರು ಒಂದು, ಕರೋಲ್ ಬಾಗಿನಲ್ಲಿಯೋ ರಾಮಕೃಷ್ಣಪುರದಲ್ಲಿಯೋ ಹುಟ್ಟಿ ಬೆಳೆದವರು ಒಂದು. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಾವು ನಮ್ಮ ದೇಶದಲ್ಲಿಯೇ ಇದ್ದೇವೆ. ಅಲ್ಲಿ ಇಸ್ಸೆಯ್ ಜನರಿಗೆ ಎಷ್ಟು ವರ್ಷ ಬಾಳಿದರೂ ಪೌರತ್ವ ಪಡೆಯುವ ಹಕ್ಕು ಆಗಿನ ಕಾನೂನಿನಲ್ಲಿ ಇರಲಿಲ್ಲ.

ಸದಾವೊ ೧೯೨೨ರ ಆಗಸ್ಟ್ ೧೭ರಂದು ಲಾಸ್ ಏಂಜಲಿಸಿನಲ್ಲಿ ಹುಟ್ಟಿದ. ಅಲ್ಲಿನ ಲಿಂಕನ್ ಪ್ರೌಢಶಾಲೆಯಲ್ಲಿ ಓದಿದ. ಮೋಟಾರು ರಿಪೇರಿ ಕೆಲಸ ಕಲಿತ. ಗೆಳೆಯರು ಅವನನ್ನು 'ಸ್ಪಡ್' ಎಂದು ಕರೆಯುತ್ತಿದ್ದರು. ಆಲೂಗಡ್ಡೆ ಎಂದು ಅರ್ಥ. ೧೯೪೧ರ ನವೆಂಬರಿನಲ್ಲಿ ತಾನಾಗಿಯೇ ಸೈನ್ಯಕ್ಕೆ ಹೆಸರು ಕೊಟ್ಟ. ಮುಂದಿನ ತಿಂಗಳು, ಡಿಸೆಂಬರ್ ೭ರಂದು, ಜಪಾನು ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. ೧೯೪೨ರ ಫೆಬ್ರವರಿಯಲ್ಲಿ ಇವನು ಸೈನ್ಯ ಸೇರಿದ. ಅದೇ ಫೆಬ್ರವರಿ ೧೯ರಂದು ಅಧ್ಯಕ್ಷ ರೂಸ್‌ವೆಲ್ಟರು ೯೦೬೬ನೆಯ ಆಜ್ಞೆಗೆ ಸಹಿ ಮಾಡಿದರು. ಆ ಆಜ್ಞೆಯ ಬಲದಿಂದ ಪಶ್ಚಿಮ ತೀರದ ಜಪಾನೀ ಮೂಲದ ಸುಮಾರು ೧,೨೦,೦೦೦ ಜನರನ್ನು, ಮುದುಕರು ಮಕ್ಕಳೆನ್ನದೆ, ಮನೆ ಅಂಗಡಿ ಬಿಡಿಸಿ ತಂತಿಬೇಲಿಯ ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಬಹುಮಂದಿ ಅಲ್ಲಿಯೇ ಹುಟ್ಟಿದ ಪ್ರಜೆಗಳು. ಸದಾವೊನ ತಾಯಿ, ಒಡಹುಟ್ಟಿದವರು ಮಾಂಜನಾರ್ ಎಂಬ ಮರಳುಗಾಡಿನ ಶಿಬಿರ ಸೇರಿದರು.

ಮಗನ ಮೈಮೇಲೆ ದೇಶದ ಸಮವಸ್ತ್ರ. ತಾಯಿಯ ಸುತ್ತ ಅದೇ ದೇಶದ ಕಾವಲುಗಾರರು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆ ಹುಡುಗರಿಗೆ ಮೊದಲು ಬಂದೂಕು ಕೊಡಲಿಲ್ಲ, ಕೂಲಿ ಕೆಲಸ ಕೊಟ್ಟರು. ಸದಾವೊ ಕೆಲವು ಕಾಲ ಸೈನ್ಯದ ಜಪಾನೀ ಭಾಷಾಶಾಲೆಯಲ್ಲಿದ್ದ. ಬಳಿಕ ನಿಸೆಯ್ ಹುಡುಗರದ್ದೇ ಒಂದು ರೆಜಿಮೆಂಟು, ೪೪೨ನೆಯದು, ಆದಾಗ ಅದಕ್ಕೆ ತಾನಾಗಿ ಸೇರಿ, ೧೦೦ನೆಯ ಬೆಟಾಲಿಯನ್ನಿನ 'ಎ' ಕಂಪನಿಯಲ್ಲಿ ಇಟಲಿಗೆ ಹೋದ. ೧೯೪೫ರ ಏಪ್ರಿಲ್ ೫ರಂದು ಸೆರವೆಝ್ಝ ಎಂಬ ಊರಿನ ಹತ್ತಿರದ ಬೆಟ್ಟದಲ್ಲಿ ದಂಡು ಸಿಕ್ಕಿಬಿತ್ತು. ತುಕಡಿಯ ನಾಯಕ ಗಾಯಗೊಂಡ. ಸದಾವೊ ಮುಂದಾಳಾಗಿ ಒಬ್ಬನೇ ನುಗ್ಗಿ ಕೈಬಾಂಬು ಎಸೆದು ಶತ್ರುವಿನ ಎರಡು ಮೆಷಿನ್ ಗನ್ನುಗಳನ್ನು ಅಡಗಿಸಿದ. ಗುಂಡಿನ ಮಳೆಯಲ್ಲಿ ತನ್ನವರಿಬ್ಬರು ಅಡಗಿದ್ದ ಹೊಂಡದ ಕಡೆಗೆ ಹಿಂದಿರುಗುವಾಗ ಒಂದು ಕೈಬಾಂಬು ಅವನ ಶಿರಸ್ತ್ರಾಣಕ್ಕೆ ತಗುಲಿ ಪುಟಿದು ಆ ಇಬ್ಬರತ್ತ ಉರುಳಿತು. ಅವನು ಅದರ ಮೇಲೆ ಬಿದ್ದು ತನ್ನ ಮೈಯಿಂದ ಅದನ್ನು ಮುಚ್ಚಿದ. ಇಬ್ಬರು ಉಳಿದರು. ಇವನಿಗೆ ಆಗ ಇಪ್ಪತ್ತೆರಡು ವರ್ಷ. ಇಟಲಿಯಲ್ಲಿ ಯುದ್ಧ ನಿಂತದ್ದು ಮೇ ೨ರಂದು, ಇನ್ನೊಂದು ತಿಂಗಳೂ ಇರಲಿಲ್ಲ.

೧೯೪೬ರ ಮಾರ್ಚಿಯಲ್ಲಿ ಆ ದೇಶದ ಅತ್ಯುನ್ನತ ಶೌರ್ಯ ಪದಕವನ್ನು ಅವನ ತಾಯಿಗೆ ಕೊಟ್ಟರು. ಜಪಾನೀ ಮೂಲದ ಸೈನಿಕನೊಬ್ಬನಿಗೆ ಅದು ಸಂದದ್ದು ಅದೇ ಮೊದಲು.

ಇನ್ನು ಹೆಸರಿನ ಮಾತು. ಅಮೆರಿಕನ್ ಲೀಜನ್ನು ಈ ಜನರನ್ನು ತೋಳು ಚಾಚಿ ಬರಮಾಡಿಕೊಂಡ ಸಂಸ್ಥೆಯೆಂದು ಭಾವಿಸಬೇಡಿ. ಜಪಾನೀಯರ ವಲಸೆಯನ್ನು ತಡೆಯಬೇಕೆಂದು ಕ್ಯಾಲಿಫೋರ್ನಿಯದಲ್ಲಿ ಕೂಗೆಬ್ಬಿಸಿದವರಲ್ಲಿ ಲೀಜನ್ನಿನವರೂ ಇದ್ದರು. ಅದೇ ಲೀಜನ್ನು, ಮೊದಲನೆಯ ಯುದ್ಧದಲ್ಲಿ ಅಮೆರಿಕದ ಪರವಾಗಿ ಹೋರಾಡಿದ ಏಷ್ಯಾದವರಿಗೆ ಪೌರತ್ವ ಕೊಡುವ ೧೯೩೫ರ ಕಾನೂನಿಗೆ ಬೆಂಬಲವನ್ನೂ ಕೊಟ್ಟಿತು. ನಮ್ಮ ಪಂಜಾಬಿನ ಭಗತ್ ಸಿಂಗ್ ಥಿಂದ್ ಅವರ ಕಥೆ ಇಲ್ಲಿ ಬಂದು ಸೇರುತ್ತದೆ. ಆ ಸೈನ್ಯದಲ್ಲಿ ೧೯೧೮ರಲ್ಲಿ ದುಡಿದವರು. ೧೯೨೩ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಅವರು ಬಿಳಿಯರಲ್ಲವೆಂದು ತೀರ್ಪು ಕೊಟ್ಟು ಪೌರತ್ವ ತಪ್ಪಿಸಿತು. ಈ ಕಾನೂನು ಬಂದಮೇಲೆ ೧೯೩೬ರಲ್ಲಿ ಅವರಿಗೆ ಅದು ದಕ್ಕಿತು. ಒಂದೇ ಸಂಸ್ಥೆ ಒಂದು ಕೈಯಿಂದ ತಳ್ಳಿ ಇನ್ನೊಂದು ಕೈಯಿಂದ ಹಿಡಿಯುವುದು ಲೋಕದಲ್ಲಿ ಉಂಟು.

ಯುದ್ಧಕ್ಕೆ ಮೊದಲೇ ಜಪಾನೀ ಮೂಲದ ಮಾಜಿ ಸೈನಿಕರು ಲೀಜನ್ನಿನಲ್ಲಿ ತಮ್ಮ ಪೋಸ್ಟ್‌ಗಳನ್ನು ಕಟ್ಟಿದ್ದರು. ಲಾಸ್ ಏಂಜಲಿಸಿನದಕ್ಕೆ ಕೊಮೊಡೋರ್ ಪೆರಿ ಎಂದು ಹೆಸರು, ಸ್ಯಾನ್ ಫ್ರಾನ್ಸಿಸ್ಕೋದ್ದಕ್ಕೆ ಟೌನ್‌ಸೆಂಡ್ ಹ್ಯಾರಿಸ್ ಎಂದು. ಪೆರಿ ಎಂದರೆ ೧೮೫೩ರಲ್ಲಿ ಯುದ್ಧನೌಕೆಗಳೊಡನೆ ಹೋಗಿ ಜಪಾನಿನ ಬಾಗಿಲು ತೆರೆಯಿಸಿದವನು. ಹ್ಯಾರಿಸ್ ಅಲ್ಲಿಗೆ ಹೋದ ಮೊದಲ ಅಮೆರಿಕನ್ ರಾಯಭಾರಿ. ಪರಸ್ಥಳದಲ್ಲಿ ಬಾಳುವ ಜನ, ಆ ಸ್ಥಳದವರಿಗೆ ಒಪ್ಪಿಗೆಯಾಗುವ ದೊಡ್ಡವರ ಹೆಸರನ್ನು ಎರವಲು ತಂದು ತಮ್ಮ ಬಾಗಿಲಿಗೆ ಹಾಕಿಕೊಂಡಿದ್ದರು. ಇದನ್ನು ನಾನು ಹಳಿಯುವುದಿಲ್ಲ. ಹೊಸ ಊರಿನಲ್ಲಿ ನಾವೂ ಹಾಗೆಯೇ ಅಂಜಿ ನಡೆಯುತ್ತೇವೆ.

ಎರಡನೆಯ ಯುದ್ಧದಲ್ಲಿ ಇನ್ನೊಂದು ಸಂಗತಿ ನಡೆಯಿತು. ಆರೆಗಾನ್ ಪ್ರಾಂತದ ಹುಡ್ ರಿವರ್ ಎಂಬ ಸೇಬು ಬೆಳೆಯುವ ಊರಿನಲ್ಲಿ, ಯುದ್ಧಕ್ಕೆ ಹೋದ ಊರ ಹುಡುಗರ ಹೆಸರುಗಳನ್ನು ಒಂದು ಹಲಗೆಯ ಮೇಲೆ ಬರೆದಿದ್ದರು. ೧೯೪೪ರ ನವೆಂಬರಿನಲ್ಲಿ ಅಲ್ಲಿಯ ಲೀಜನ್ ಪೋಸ್ಟಿನವರು ಆ ಹಲಗೆಯಿಂದ ಜಪಾನೀ ಮೂಲದ ಹದಿನಾರು ಹೆಸರುಗಳನ್ನು ಅಳಿಸಿಹಾಕಿದರು. ಆ ಹುಡುಗರು ಆಗ ರಣರಂಗದಲ್ಲಿದ್ದಾರೆ! ಅಳಿಸಿದ ಹೆಸರುಗಳಲ್ಲಿ ಫ್ರಾಂಕ್ ಹಚಿಯ ಎಂಬಾತನದೂ ಒಂದು. ಅವನು ಫಿಲಿಪ್ಪೀನ್ಸಿನ ಲೇಟೆ ದ್ವೀಪದಲ್ಲಿ ಗಾಯಗೊಂಡು ೧೯೪೫ರ ಜನವರಿ ೩ರಂದು ಪ್ರಾಣಬಿಟ್ಟ. ಈ ಕೆಲಸವನ್ನು ದೇಶದ ಪತ್ರಿಕೆಗಳು ಖಂಡಿಸಿದವು, ಸೈನಿಕರು ಖಂಡಿಸಿದರು, ಲೀಜನ್ನಿನ ಕೇಂದ್ರ ನಾಯಕರೂ ಒತ್ತಾಯ ಮಾಡಿದರು. ೧೯೪೫ರಲ್ಲಿ ಹೆಸರುಗಳನ್ನು ಮತ್ತೆ ಬರೆದರು.

ಬಣ್ಣ ಬಳಿದು ಹೆಸರು ಅಳಿಸಲು ಹತ್ತು ನಿಮಿಷ ಸಾಕು. ಅದು ಎಲ್ಲಿ ತಾಗುತ್ತದೆ ಎಂಬುದು ಅಳಿಸಿಸಿಕೊಂಡವರ ಮನೆಗೆ ಗೊತ್ತು.

ಯುದ್ಧ ಮುಗಿಯಿತು. ನಿಸೆಯ್ ಸೈನಿಕರು ಪದಕ ಧರಿಸಿ ಮರಳಿದರು. ಆದರೆ ಹಲವು ಕಡೆಗಳಲ್ಲಿ ಮಾಜಿ ಸೈನಿಕರ ಸಂಘಗಳೇ ಅವರನ್ನು ಸೇರಿಸಿಕೊಳ್ಳಲಿಲ್ಲ. ಒಂದೇ ಬೆಟ್ಟದ ಮೇಲೆ ಗುಂಡು ತಿಂದವರಿಗೆ ಒಂದೇ ಬೆಂಚಿನ ಮೇಲೆ ಕೂರಲು ಅಡ್ಡಿ! ಕ್ಯಾಲಿಫೋರ್ನಿಯದಲ್ಲಿ ಅವರು ತಮ್ಮದೇ ಪೋಸ್ಟ್‌ಗಳನ್ನು ಕಟ್ಟಿಕೊಂಡರು. ಆಗ ಲಾಸ್ ಏಂಜಲಿಸಿನವರ ಬಾಗಿಲ ಮೇಲೆ ಯಾರ ಹೆಸರು ಬಂತು? ಪೆರಿಯಂಥ ನೌಕಾಪತಿಯದಲ್ಲ, ಅಧ್ಯಕ್ಷರದಲ್ಲ. ಮೋಟಾರು ರಿಪೇರಿ ಮಾಡುತ್ತಿದ್ದ ತಮ್ಮ ಬೀದಿಯ ಹುಡುಗನದು, ಆಲೂಗಡ್ಡೆ ಎಂದು ಅಡ್ಡಹೆಸರಿದ್ದವನದು. ಆ ಹಲಗೆಯನ್ನು ಯಾರೂ ಅಳಿಸಲಾರರು, ಯಾರೂ ಪ್ರಶ್ನಿಸಲಾರರು. ಈ ದೇಶ ನಿಮ್ಮದೇ ಎಂದು ಕೇಳಿದವರಿಗೆ ಅವರು ಭಾಷಣ ಮಾಡಬೇಕಾಗಿರಲಿಲ್ಲ. ಬಾಗಿಲನ್ನು ತೋರಿಸಿದರೆ ಸಾಕಾಗಿತ್ತು.

ಅವನ ಹೆಸರನ್ನು ಒಂದು ಸೈನಿಕ ಹಡಗಿಗೂ ಇಟ್ಟಿದ್ದರು. ಆ ಹಡಗು ಎಂದೋ ಸೇವೆಯಿಂದ ಹೋಯಿತು. ಇಟಲಿಯ ಪಿಯೆತ್ರಸಾಂತದಲ್ಲಿ ೨೦೦೦ದಲ್ಲಿ ಪ್ರತಿಮೆ ನಿಲ್ಲಿಸಿದರು. ಅದೇ ವರ್ಷದ ಜೂನಿನಲ್ಲಿ ಅಧ್ಯಕ್ಷ ಕ್ಲಿಂಟನ್ನರು, ಹಿಂದೆ ಕಡಿಮೆ ದರ್ಜೆಯ ಪದಕ ಕೊಟ್ಟು ಮುಗಿಸಿದ್ದ ಏಷ್ಯಾ ಮೂಲದ ಇಪ್ಪತ್ತೆರಡು ಸೈನಿಕರಿಗೆ ಅತ್ಯುನ್ನತ ಪದಕವನ್ನೇ ಕೊಟ್ಟರು. ಅವರಲ್ಲಿ ಬಹುಮಂದಿ ಆಗ ಬದುಕಿರಲಿಲ್ಲ. ಶಿಬಿರದಲ್ಲಿಟ್ಟವರಿಗೆ ೧೯೮೮ರ ಕಾನೂನಿನಿಂದ ಕ್ಷಮಾಪಣೆಯೂ ತಲಾ ೨೦,೦೦೦ ಡಾಲರು ಪರಿಹಾರವೂ ಬಂದವು. ಸರ್ಕಾರದ ಲೆಕ್ಕಗಳು ಹೀಗೆ ನಿಧಾನ. ಊರ ಸಂಘದವರು ಸರ್ಕಾರಕ್ಕಾಗಿ ಕಾಯಲಿಲ್ಲ, ತಮ್ಮವನ ಹೆಸರನ್ನು ತಾವೇ ಎತ್ತಿ ಹಿಡಿದರು.

ಇಂಥ ದೊಂದು ಪೋಸ್ಟಿನಲ್ಲಿ ನಡೆಯುವುದೇನು ಎಂದು ಕೇಳಬಹುದು. ವರ್ಷಕ್ಕೊಮ್ಮೆ ಮಾಲೆ ಹಾಕಿ ಉಪ್ಪಿಟ್ಟು ತಿಂದು ಮನೆಗೆ ಹೋಗುವುದಲ್ಲ. ಮೇ ಕೊನೆಯ ಸ್ಮಾರಕ ದಿನದಂದು ಸೈನಿಕರ ಗೋರಿಗಳಿಗೆ ಸಣ್ಣ ಬಾವುಟ ನೆಡುತ್ತಾರೆ. ತೀರಿಕೊಂಡ ಮಾಜಿ ಸೈನಿಕನ ಅಂತ್ಯಕ್ರಿಯೆಗೆ ಗೌರವ ಕಾವಲಾಗಿ ನಿಲ್ಲುತ್ತಾರೆ. ಹುಡುಗರಿಗೆ ಬೇಸ್‌ಬಾಲ್ ಆಡಿಸುತ್ತಾರೆ. ಇದೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿದದ್ದು ಬೇರೊಂದು. ಪೋಸ್ಟಿನಲ್ಲಿ ಸೇವಾಧಿಕಾರಿ ಎಂದು ಒಬ್ಬರಿರುತ್ತಾರೆ. ಗಾಯಾಳುವಿಗೆ, ವಿಧವೆಗೆ, ಅನಾಥ ಮಗುವಿಗೆ ಸರ್ಕಾರದಿಂದ ಬರಬೇಕಾದದ್ದರ ಅರ್ಜಿ ತುಂಬಿಸಿ, ಕಾಗದಪತ್ರ ಜೋಡಿಸಿ, ಅದು ಕೈಸೇರುವವರೆಗೆ ಬೆನ್ನುಹತ್ತುವುದು ಅವರ ಕೆಲಸ. ೧೯೪೪ರಲ್ಲಿ ಬಂದ, ಲಕ್ಷಾಂತರ ಸೈನಿಕರಿಗೆ ಓದು, ಮನೆ ಸಾಲ ಒದಗಿಸಿದ ಜಿ.ಐ. ಮಸೂದೆಯ ಮೊದಲ ಕರಡನ್ನು ಬರೆದದ್ದೂ ಲೀಜನ್ನಿನವರೇ. ಬಾಗಿಲ ಮೇಲೆ ಹೆಸರು, ಒಳಗೆ ಅರ್ಜಿ ಫಾರಮು. ಗುಮಾಸ್ತನಾದ ನನಗೆ ಇದು ಬಹಳ ಹಿಡಿಸಿತು.

ಇಲ್ಲಿ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ನವೆಂಬರ್ ನಮಗೆ ರಾಜ್ಯೋತ್ಸವದ ತಿಂಗಳು, ಬ್ಯಾಂಕಿನ ಗುಮಾಸ್ತನಿಗೆ ಪಿಂಚಣಿದಾರರ ತಿಂಗಳು. ತಾವು ಬದುಕಿದ್ದೇವೆಂದು ಜೀವಂತ ಪ್ರಮಾಣಪತ್ರ ಕೊಡಲು ಹಿರಿಯರು ಸಾಲುಗಟ್ಟಿ ಬರುತ್ತಾರೆ. ಕಳೆದ ನವೆಂಬರಿನಲ್ಲಿ ಒಬ್ಬ ತಾಯಿ ಬಂದರು. ೧೯೭೧ರ ಯುದ್ಧದಲ್ಲಿ ಮಡಿದ ಸೈನಿಕನ ಹೆಂಡತಿ. ಯಂತ್ರದ ಮೇಲೆ ಬೆರಳಿಟ್ಟರು. ಸವೆದ ಬೆರಳು, ಯಂತ್ರ ಒಪ್ಪಲಿಲ್ಲ. ಮೂರು ಸಲ ಆಯಿತು. ಹಿಂದೆ ಸಾಲು ಗೊಣಗುತ್ತಿತ್ತು. ಕಾಗದದಲ್ಲಿ ಬರೆಯೋಣವೆಂದು ನಾನು ಅವಸರದಲ್ಲಿ ಅವರ ಗಂಡನ ಹೆಸರನ್ನು ಬರೆದೆ. ಆಕೆ ಕನ್ನಡಕ ಸರಿಪಡಿಸಿಕೊಂಡು ನೋಡಿ, ಹರಕು ಹಿಂದಿಯಲ್ಲಿ, "ಒಂದು ಅಕ್ಷರ ಬಿಟ್ಟಿದ್ದೀರಿ" ಎಂದರು. "ನಡೆಯುತ್ತದೆ ತಾಯಿ, ಸಂಖ್ಯೆ ಸರಿಯಾಗಿದ್ದರೆ ಸಾಕು" ಎಂದೆ. ಆಕೆ ಆಗ ತನಗೆ ತಾನೇ, ಹಾಸನದ ಕಡೆಯ ಕನ್ನಡದಲ್ಲಿ, "ಅವರದು ಅಂತ ಉಳಿದಿರೋದು ಅದೊಂದೇ ಅಲ್ವಾ" ಎಂದರು.

ನನ್ನ ಲೇಖನಿ ಅಲ್ಲಿಯೇ ನಿಂತಿತು. ಫಾರಮು ಹರಿದು ಹೊಸದು ಬರೆದೆ. ಕನ್ನಡದಲ್ಲಿ ಮಾತನಾಡಿಸಿದಾಗ ಆಕೆ ಅತ್ತರು. ಐವತ್ತು ವರ್ಷದಿಂದ ಈ ನಗರದ ಆಸುಪಾಸಿನಲ್ಲಿ ಮಗಳ ಮನೆಯಲ್ಲಿದ್ದಾರೆ. ನಮ್ಮ ಸಂಘ ಇದೆಯೆಂದು ಅವರಿಗೆ ತಿಳಿಯದು. ಅವರು ಇದ್ದಾರೆಂದು ನಮಗೂ ತಿಳಿಯದು. ಎರಡನೆಯದೇ ದೊಡ್ಡ ತಪ್ಪು.

ನಾವು ಮೂರ್ತಿ ನಿಲ್ಲಿಸುವುದರಲ್ಲಿ ಹಿಂದೆ ಬಿದ್ದವರಲ್ಲ. ಇದೇ ದೆಹಲಿಯಲ್ಲಿ ತೀನ್ ಮೂರ್ತಿ ವೃತ್ತವನ್ನು ಹಾದು ಹೋಗದವರು ಯಾರು? ಆ ಮೂರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರು ಸಂಸ್ಥಾನದವನು. ಮೊದಲನೆಯ ಯುದ್ಧದಲ್ಲಿ ಹೋರಾಡಿದ ಹೈದರಾಬಾದು, ಜೋಧಪುರ, ಮೈಸೂರು ಲಾನ್ಸರುಗಳ ನೆನಪಿಗೆ ೧೯೨೨ರಲ್ಲಿ ನಿಂತ ಸ್ಮಾರಕ ಅದು. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಮೈಸೂರಿನ ರಾವುತರಿದ್ದರು. ೨೦೧೮ರಲ್ಲಿ ವೃತ್ತಕ್ಕೆ ಹೈಫಾ ಹೆಸರನ್ನೂ ಸೇರಿಸಿದರು. ನಾನು ಹದಿಮೂರು ವರ್ಷ ಬಸ್ಸಿನಲ್ಲಿ ಅದನ್ನು ಸುತ್ತಿದ್ದೇನೆ. ಅವರಲ್ಲಿ ಒಬ್ಬ ರಾವುತನ ಹೆಸರೂ ನನ್ನ ಬಾಯಿಗೆ ಬಾರದು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನು ನೆನೆಯಿರಿ. ೧೯೬೫ರ ಸೆಪ್ಟೆಂಬರ್ ೭ರಂದು ಸರ್ಗೋಧಾದ ದಾಳಿಗೆ ಹೋಗಿ ಮರಳಲಿಲ್ಲ. ತನ್ನದಕ್ಕಿಂತ ವೇಗದ ಶತ್ರು ವಿಮಾನವನ್ನು ಅವರು ಕೆಡವಿದ್ದರೆಂಬುದು ಬೆಳಕಿಗೆ ಬಂದು ಮಹಾವೀರ ಚಕ್ರ ಸಂದದ್ದು ೧೯೮೮ರಲ್ಲಿ. ಇಪ್ಪತ್ತಮೂರು ವರ್ಷ ಅವರ ಮನೆಯವರು ಕಾದರು. ನಿಧಾನ ಅಲ್ಲಿಯೂ ಇದೆ, ಇಲ್ಲಿಯೂ ಇದೆ.

ಆದ್ದರಿಂದ ನನ್ನ ಸೂಚನೆ ಸಣ್ಣದು. ಹೊಸ ಸಭಾಂಗಣ ಕಟ್ಟಿ, ಅದಕ್ಕೆ ಹೆಸರಿಡಿ ಎನ್ನುವುದಿಲ್ಲ. ಮೊದಲನೆಯದಾಗಿ, ಸಂಘದಲ್ಲಿ ಒಂದು ಪುಸ್ತಕ ತೆರೆಯೋಣ. ಈ ನಗರದಲ್ಲಿರುವ ಕನ್ನಡಿಗ ಮಾಜಿ ಸೈನಿಕರು, ಮಡಿದವರ ಹೆಂಡತಿ ಮಕ್ಕಳು, ಎಲ್ಲರ ಹೆಸರನ್ನೂ ಅವರವರ ಬಾಯಿಂದ ಕೇಳಿ, ಒಂದಕ್ಷರ ತಪ್ಪದೆ, ಕನ್ನಡದಲ್ಲಿ ಬರೆಯೋಣ. ಎರಡನೆಯದಾಗಿ, ಬರುವ ನವೆಂಬರಿನ ನಾಲ್ಕು ಭಾನುವಾರ ಬೆಳಿಗ್ಗೆ ಇಬ್ಬರು ಇಲ್ಲಿ ಮೇಜು ಹಾಕಿ ಕೂರೋಣ. ಪಿಂಚಣಿಯ ಕಾಗದ, ಯಂತ್ರದ ಗೊಂದಲ, ಹೆಸರಿನ ತಪ್ಪು, ಏನಿದ್ದರೂ ನೋಡಿಕೊಡೋಣ. ನಡೆಯಲಾರದವರ ಮನೆಗೆ ನಾವೇ ಹೋಗೋಣ. ಒಬ್ಬ ಗುಮಾಸ್ತ ಈಗಾಗಲೇ ಸಿಕ್ಕಿದ್ದಾನೆ, ಅವನು ನಿಮ್ಮ ಮುಂದೆ ನಿಂತಿದ್ದಾನೆ. ಇನ್ನೊಬ್ಬರು ಬೇಕು. ನಮ್ಮ ನಿಸೆಯ್ ಮಕ್ಕಳಲ್ಲಿ ಯಾರಾದರೂ ಬಂದರೆ ಇನ್ನೂ ಸಂತೋಷ. ಯಂತ್ರ ಅವರ ಮಾತನ್ನು ಕೇಳುತ್ತದೆ, ಅಜ್ಜಿಯರ ಕನ್ನಡವನ್ನು ಅವರೂ ಒಂದಿಷ್ಟು ಕೇಳಿದಂತಾಗುತ್ತದೆ.

ಆ ಪುಸ್ತಕದ ಮೊದಲ ಸಾಲಿಗೆ ಹೆಸರೊಂದು ಸಿದ್ಧವಾಗಿದೆ. ಆ ತಾಯಿಯ ಅಪ್ಪಣೆ ಕೇಳಿದ್ದೇನೆ. ಅವರು ಒಪ್ಪಿದ್ದಾರೆ. ಬರೆಯುವಾಗ ತಾವೇ ಹತ್ತಿರ ಕುಳಿತು ನೋಡುತ್ತಾರಂತೆ.

ಅಕ್ಕನ ಮಗನಿಗೂ ಉತ್ತರ ಬರೆದಿದ್ದೇನೆ. "ಆ ಹೆಸರಿನವನು ನಿನ್ನ ಹಾಗೆಯೇ ಪರವೂರಿನಿಂದ ಬಂದವರ ಮಗ. ಮುಂದಿನ ಸಲ ಆ ಕೂಡುದಾರಿಯಲ್ಲಿ ಹೋಗುವಾಗ ಹೆಸರನ್ನು ಪೂರ್ತಿಯಾಗಿ ಓದು" ಎಂದು.

ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಲೆಕ್ಕ ಸರಿಹೋಯಿತೆಂದು ತೋರುತ್ತದೆ.